ರೈಟ್ ಅಂದದ್ದು ನಾನೇ

2 ನವೆಂಬರ್ 2025, ಭಾನುವಾರ, ಹಲಸೂರು

ಭಯವನ್ನು ಎದೆಯಲ್ಲಿಟ್ಟುಕೊಂಡರೆ ನನಗೆ ಬಿ.ಪಿ., ಹಾಳೆಯಲ್ಲಿಟ್ಟರೆ ಹಾಳೆಗೆ ಬಿ.ಪಿ. ಹಾಗೆಂದು ಈ ಪುಸ್ತಕ ತೆರೆದಿದ್ದೇನೆ. ಯಾರೂ ಓದಬೇಕಾಗಿಲ್ಲ. ನಾನೇ ಮತ್ತೆ ಓದುವುದು ಅನುಮಾನ.

ವಿಷಯ ಇಷ್ಟು. ನಾನು ಹಡಗು ಹತ್ತಬೇಕಂತೆ.

ಮದುವೆಯಾಗಿ ನಲವತ್ತು ವರ್ಷ ತುಂಬಿತೆಂದು ಭಾವ ಮುನಿವೆಂಕಟಪ್ಪನವರು ಈ ವರ್ಷದ ಮೊದಲಲ್ಲಿ ತಮಗೂ ನಮ್ಮಕ್ಕನಿಗೂ ಒಂದು ಹಡಗಿನ ಪ್ರವಾಸ ಬುಕ್ ಮಾಡಿಸಿದ್ದರು. ಸಿಂಗಾಪುರದಿಂದ ಹೊರಟು ಮಲೇಷಿಯಾದ ಪೆನಾಂಗ್ ಎಂಬ ದ್ವೀಪ, ಆಮೇಲೆ ಕ್ಲಾಂಗ್ ಎಂಬ ಬಂದರು, ಮತ್ತೆ ಸಿಂಗಾಪುರ. ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಕೆ.ಆರ್. ಪುರದ ಮನೆಯ ಹಿತ್ತಲಿನಲ್ಲಿ ಹಲ್ಲುಜ್ಜುತ್ತ ಕೂತವರು ಏಳಲಿಲ್ಲ. ಟಿಕೆಟ್ಟು ವಾಪಸ್ ತೆಗೆದುಕೊಳ್ಳುವುದಿಲ್ಲ, ಬೇಕಾದರೆ ಹೆಸರು ಬದಲಾಯಿಸಿಕೊಡುತ್ತೇವೆ ಎಂದರಂತೆ. ಅಕ್ಕನ ಮಗಳು ಸುಕನ್ಯ ಬದಲಾಯಿಸಿದಳು. ಮುನಿವೆಂಕಟಪ್ಪ ಹೋಗಿ ಕೆಂಪರಾಜ್ ಬಂದ. ವಯಸ್ಸು ನಲವತ್ತಾರು, ಬಿ.ಎ. ಕನ್ನಡ ಮಾಧ್ಯಮ, ಅವಿವಾಹಿತ (ಅದಕ್ಕೂ ಹೆದರಿಕೆಯೇ ಕಾರಣ), ಉದ್ಯೋಗ ಸಿಟಿ ಬಸ್ ಕಂಡಕ್ಟರ್. ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ಒಬ್ಬರ ಟಿಕೆಟ್ಟಿನಲ್ಲಿ ಇನ್ನೊಬ್ಬರನ್ನು ಪ್ರಯಾಣ ಮಾಡಲು ಬಿಟ್ಟವನಲ್ಲ. ಈಗ ಸತ್ತವರ ಸೀಟಿನಲ್ಲಿ ನಾನೇ ಕೂರಬೇಕು.

ಇಂದು ಸುಕನ್ಯ ಬಂದಿದ್ದಳು. ಕಾಫಿಯನ್ನು ಮುಟ್ಟಲಿಲ್ಲ.

"ಮಾಮ, ಅಮ್ಮ ಹಟ ಹಿಡಿದಿದಾಳೆ. ಅಪ್ಪ ಆಸೆ ಪಟ್ಟಿದ್ದು, ಹೋಗೇ ಹೋಗ್ತೀನಿ ಅಂತಾಳೆ. ಹೋಗ್ಲಿ. ಆದ್ರೆ ಅಪ್ಪ ಹೋಗ್ಬಿಟ್ರು. ಅಮ್ಮನ್ನ ಹೆಂಗ್ ಕರ್ಕೊಂಡ್ ಹೋಗ್ತೀಯೋ ಹಂಗೇ ವಾಪಸ್ ತಂದು ನನ್ ಕೈಗೆ ಕೊಡು. ಅಷ್ಟೇ."

ಆಯಿತು ಎಂದೆ. ಅವಳು ಹೋದ ಮೇಲೆ ಅವಳ ಕಾಫಿಯನ್ನೂ ನಾನೇ ಕುಡಿದೆ.

ಬಸ್ಸಿನೊಳಗೆ ಹುಲಿ, ಬಸ್ಸಿಳಿದರೆ ಇಲಿ. ನನ್ನ ಬಗ್ಗೆ ನಾನೇ ಕಟ್ಟಿದ ಪ್ರಾಸ.

6 ನವೆಂಬರ್, ಗುರುವಾರ

ಶಿವಾಜಿನಗರದ ನಿಲ್ದಾಣದಲ್ಲಿ ಟೀ ಕುಡಿಯುವಾಗ ಅಹ್ಮದ್ ಪಾಷಾನಿಗೆ ಹೇಳಿದೆ. ಹನ್ನೊಂದು ವರ್ಷದಿಂದ ಅವನು ಡ್ರೈವರ್, ನಾನು ಕಂಡಕ್ಟರ್.

"ಅರೆ ಕೆಂಪು ಭಾಯ್, ಮುಳುಗೋದಕ್ಕೆ ಅಷ್ಟು ದೂರ ಯಾಕೆ? ನಿಮ್ಮನೆ ಮುಂದೇನೇ ಹಲಸೂರು ಕೆರೆ ಐತಲ್ಲ."

"ತಮಾಷೆ ಬೇಡ ಕಣೋ. ಅಕ್ಕ ಜೊತೇಲಿರ್ತಾಳೆ."

"ಹಂಗಾದ್ರೆ ಏನ್ ಭಯ? ಅಕ್ಕ ನೋಡ್ಕೋತಾರೆ ನಿನ್ನ." ಆಮೇಲೆ ಮುಖ ಸಪ್ಪೆ ಮಾಡಿದ. "ಕಷ್ಟ ನಂದು. ಹತ್ತು ದಿನ ಇನ್ಯಾವನೋ ಬರ್ತಾನೆ. ಅವನು ಸೀಟಿ ಊದ್ತಾನೋ, ಬಾಯಲ್ಲಿ ಅರಚ್ತಾನೋ. ನಂಗೆ ನಿನ್ ಕೈ ಸದ್ದೇ ಬೇಕು."

ನಿಜ. ಸೀಟಿ ಊದುವವರು ಊದಲಿ, ನಾನು ಬಸ್ಸಿನ ಮೈಗೆ ಅಂಗೈಯಿಂದ ಬಡಿಯುತ್ತೇನೆ. ಒಂದು ಸಲ ಬಡಿದರೆ ನಿಲ್ಲು, ಎರಡು ಸಲ ಬಡಿದು ರೈಟ್ ಎಂದರೆ ಹೊರಡು. ಎಲ್ಲರನ್ನೂ ಹತ್ತಿಸಿ, ಹಿಂದೆ ಯಾರಾದರೂ ಓಡಿ ಬರುತ್ತಿದ್ದಾರೆಯೇ ಎಂದು ನೋಡಿ, ಎರಡು ಏಟು ಹಾಕಿ, ಗಾಡಿ ಅಲುಗಿದ ಮೇಲೆ ಕೊನೆಗೆ ನಾನು ಹತ್ತುವುದು. ನಾನು ಹತ್ತುವಾಗ ಕೆಳಗೆ ಯಾರೂ ಉಳಿದಿರಬಾರದು. ಇಪ್ಪತ್ತು ವರ್ಷದಲ್ಲಿ ಒಬ್ಬರನ್ನೂ ಬಿಟ್ಟುಹೋಗಿಲ್ಲ.

ಇದನ್ನು ಬರೆಯುವಾಗ ಮಾತ್ರ ಸ್ವಲ್ಪ ಧೈರ್ಯ ಬಂತು.

9 ನವೆಂಬರ್, ಭಾನುವಾರ

ಕೆ.ಆರ್. ಪುರಕ್ಕೆ ಹೋಗಿದ್ದೆ. ಅಕ್ಕನ ಹೆಸರು ದೊಡ್ಡಮುನಿಯಮ್ಮ, ಅರವತ್ತನಾಲ್ಕು. ಅಮ್ಮ ಸತ್ತಾಗ ನನಗೆ ಆರು ವರ್ಷ, ಸಾಕಿದವಳು ಇವಳೇ. ಮೂವತ್ತು ವರ್ಷ ಬೆಳಗಿನ ಮೊದಲ ಬಸ್ಸಿಗೆ ಸೊಪ್ಪಿನ ಮೂಟೆ ಹಾಕಿಕೊಂಡು ಹಲಸೂರು ಮಾರ್ಕೆಟ್ಟಿಗೆ ಬಂದು ಮಾರಿದವಳು. ಹೊಲಗಳೆಲ್ಲ ಸೈಟುಗಳಾಗಿ, ಮನೆ ಬಾಡಿಗೆ ಬರತೊಡಗಿದ ಮೇಲೆ ಭಾವ ನಿಲ್ಲಿಸಿದರು.

ಸೆಪ್ಟೆಂಬರಿನ ಒಂದು ದಿನ ಅವಳು ಕಾಣೆಯಾಗಿದ್ದಳು. ಬೆಳಿಗ್ಗೆ ಹೋದವಳು ಸಂಜೆಗೆ ಬಂದಳು. ನಾವು ಆಸ್ಪತ್ರೆ, ಪೊಲೀಸು ಎಲ್ಲ ಮುಗಿಸಿದ್ದೆವು. ಮಾರತ್ತಹಳ್ಳಿಗೆ ಹೋಗಿ, ಅಲ್ಲಿಂದ ಕಲ್ಯಾಣ ನಗರಕ್ಕೆ ಹೋಗಿ, ಮತ್ತೆ ಮಾರತ್ತಹಳ್ಳಿಗೆ ಹೋಗಿ, ಆಧಾರ್ ಕಾರ್ಡು ತೋರಿಸಿ ಇಡೀ ದಿನ ಹೆಂಗಸರ ಉಚಿತ ಟಿಕೆಟ್ಟಿನಲ್ಲಿ ಸುಮ್ಮನೆ ಸುತ್ತಿದ್ದಳಂತೆ.

"ಮನೇಲಿ ಗೋಡೆ ಮಾತಾಡಲ್ಲ ಕಣ್ಲಾ. ಬಸ್ಸಲ್ಲಿ ಜನ ಮಾತಾಡ್ತಾರೆ," ಎಂದಿದ್ದಳು. ಅಂದಿನಿಂದ ಅವಳನ್ನು ಒಂಟಿಯಾಗಿ ಎಲ್ಲಿಗೂ ಬಿಡಬಾರದೆಂದು ನಾನೂ ಸುಕನ್ಯಳೂ ತೀರ್ಮಾನಿಸಿದ್ದೇವೆ. ನನ್ನ ಬಸ್ಸಿನಲ್ಲಿ ಇಂಥವರನ್ನು ನೋಡಿದ್ದೇನೆ. ಎಲ್ಲಿಗಮ್ಮ ಎಂದರೆ ಕೊನೆ ಸ್ಟಾಪಿಗೆ ಎನ್ನುತ್ತಾರೆ, ಕೊನೆ ಸ್ಟಾಪಿನಲ್ಲಿ ಇಳಿಯುವುದಿಲ್ಲ.

ಆದ್ದರಿಂದ ಇಬ್ಬರ ಪಾಸ್‌ಪೋರ್ಟು, ಕಾಗದ, ಫೋನು, ಹಣ ಎಲ್ಲವೂ ನನ್ನ ಚರ್ಮದ ಚೀಲದಲ್ಲಿ. ಅಕ್ಕ ಜಗಳ ತೆಗೆದಳು.

"ನಂದು ನನ್ ತಾವ ಇರ್ಲಿ ಕೊಡ್ಲಾ."

"ನೀನು ಕಳೀತೀಯ."

"ಮೂವತ್ತು ವರ್ಸ ಸೆರಗ್ನಲ್ಲಿ ದುಡ್ಡು ಕಟ್ಕೊಂಡು ತಿರುಗ್ದೋಳು ಕಣೋ ನಾನು. ಒಂದ್ ರೂಪಾಯಿ ಕಳ್ದಿಲ್ಲ."

ಕೊಡಲಿಲ್ಲ. ಆಧಾರ್ ಕಾರ್ಡೊಂದನ್ನು ಅವಳು ರವಿಕೆಯಿಂದ ತೆಗೆಯಲಿಲ್ಲ, ಅದು ಅಲ್ಲಿ ಕೆಲಸಕ್ಕೆ ಬರುವುದಿಲ್ಲವೆಂದು ಸುಮ್ಮನಾದೆ.

16 ನವೆಂಬರ್, ಭಾನುವಾರ, ಹಡಗು

ವಿಮಾನದ ಬಗ್ಗೆ ಬರೆಯುವುದಿಲ್ಲ. ಕಣ್ಣು ಮುಚ್ಚಿದ್ದೆ, ಬರೆಯಲು ಏನೂ ಇಲ್ಲ.

ಹಡಗೆಂದರೆ ದೋಣಿಯ ಅಣ್ಣ ಎಂದುಕೊಂಡಿದ್ದೆ. ಇದು ಹದಿನೈದು ಮಹಡಿಯ ಕಟ್ಟಡ. ಇಂದಿರಾನಗರದ ನೂರಡಿ ರಸ್ತೆಯನ್ನು ಅಂಗಡಿಗಳ ಸಮೇತ ಕಿತ್ತು ನೀರಿನಲ್ಲಿ ತೇಲಿಬಿಟ್ಟ ಹಾಗಿದೆ. ಹತ್ತಿದ ಒಂದು ಗಂಟೆಯೊಳಗೆ ಎಲ್ಲರನ್ನೂ ಕರೆದು, ಮುಳುಗಿದರೆ ಏನು ಮಾಡಬೇಕು ಎಂದು ಪಾಠ ಮಾಡಿದರು. ನಮ್ಮ ಬಸ್ಸಿನಲ್ಲಿ ಹೀಗೆ, ಬ್ರೇಕ್ ಫೇಲಾದರೆ ಕಿಟಕಿಯಿಂದ ಹಾರಿ ಎಂದು ಮೊದಲೇ ಹೇಳಿದ್ದರೆ ಹಲಸೂರಿನಲ್ಲೇ ಬಸ್ಸು ಖಾಲಿ.

ನೆಲದ ಮೇಲಿದ್ದಾಗ ನೂರೆಂಟು ಪ್ರಾಸ,
ನೀರಿನ ಮೇಲೆ ಉಸಿರೇ ಪ್ರಯಾಸ.

ಪ್ರತಿಯೊಬ್ಬರಿಗೂ ಹೆಸರಿನ ಒಂದು ಕಾರ್ಡು ಕೊಟ್ಟಿದ್ದಾರೆ. ಫೋಟೋ ತೆಗೆದುಕೊಂಡಿದ್ದಾರೆ. ಊರಿನಲ್ಲಿ ಇಳಿದು ವಾಪಸು ಬರುವಾಗ ಕಾರ್ಡು ತೋರಿಸಬೇಕು, ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲ. ಅಕ್ಕನ ಕಾರ್ಡನ್ನೂ ಇಸಿದುಕೊಂಡು ಚೀಲಕ್ಕೆ ಹಾಕಿದೆ. ಅವಳು ಕಿಟಕಿಯ ಹತ್ತಿರ ನಿಂತು, ಪಕ್ಕದಲ್ಲಿ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟು, ಸಮುದ್ರ ನೋಡುತ್ತಿದ್ದಳು.

17 ನವೆಂಬರ್, ಸೋಮವಾರ

ಇಡೀ ದಿನ ನೀರು. ನಾಳೆ ಪೆನಾಂಗ್.

ಹಡಗಿನವರದೇ ಟೂರ್ ಬಸ್ಸಿದೆ, ಕೊಡೆ ಹಿಡಿದವನು ಮುಂದೆ, ಕುರಿಗಳ ಹಾಗೆ ನಾವು ಹಿಂದೆ. ಅದೇ ಕ್ಷೇಮ ಎಂದೆ. ಅಕ್ಕ ಒಪ್ಪಲಿಲ್ಲ.

"ಯಾಕ್ಲಾ, ಆ ಊರಲ್ಲಿ ಬಸ್ಸಿಲ್ವಾ? ಊರು ಅಂದ್ಮೇಲೆ ಬಸ್ಸಿರ್ಬೇಕು. ನಿಮ್ ಭಾವ ಏನಂದಿದ್ರು ಗೊತ್ತಾ, ಟೌನ್ ಬಸ್ಸು ಹತ್ತೋಣ, ಆಮೇಲೆ ಜನ ನದಿ ದಾಟೋ ಥರ ಸಮುದ್ರ ದಾಟ್ತಾರಂತಲ್ಲ ಫೆರಿ, ಅದನ್ನ ಹತ್ತೋಣ ಅಂದಿದ್ರು."

ಭಾವನ ಮಾತು ಬಂದ ಮೇಲೆ ಒಪ್ಪಿಕೊಂಡೆ.

ಸ್ಪೀಕರಿನಲ್ಲಿ ಮೂರು ಸಲ ಹೇಳಿದರು: ನಾಲ್ಕೂವರೆಗೆ ಎಲ್ಲರೂ ಒಳಗಿರಬೇಕು, ಐದಕ್ಕೆ ಹಡಗು ಹೊರಡುತ್ತದೆ, ಯಾರಿಗೂ ಕಾಯುವುದಿಲ್ಲ. ನಮ್ಮ ಪಾಷಾ ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಒಂದು ಮುದುಕಿಗಾಗಿ ನಾಲ್ಕು ನಿಮಿಷ ನಿಲ್ಲುತ್ತಾನೆ. ಇಲ್ಲಿ ಎರಡು ಸಾವಿರ ಜನ ಹತ್ತಿದ ಗಾಡಿ, ಒಬ್ಬನಿಗೂ ನಿಲ್ಲುವುದಿಲ್ಲ. ನಿದ್ದೆ ಬರಲಿಲ್ಲ.

18 ನವೆಂಬರ್, ಮಂಗಳವಾರ, ಪೆನಾಂಗ್

ಬೆಳಿಗ್ಗೆ 10.20. ಫೆರಿಯ ಬೆಂಚು.

ಬಂದರಿನಿಂದ ಹತ್ತು ನಿಮಿಷ ನಡೆದರೆ ಫೆರಿ ಕಟ್ಟೆ, ಅಲ್ಲೇ ಊರಿನ ಎಲ್ಲ ಬಸ್ಸುಗಳ ಕೊನೆಯ ನಿಲ್ದಾಣ. ಈ ಫೆರಿ ಆಚೆ ದಡದ ಬಟರ್‌ವರ್ತ್ ಎಂಬ ಊರಿಗೆ ಕಾಲು ಗಂಟೆಯಲ್ಲಿ ಮುಟ್ಟಿಸುತ್ತದೆ. ಹೋಗಿ, ಈಗ ವಾಪಸು ಬರುತ್ತಿದ್ದೇವೆ. ಆಫೀಸಿನವರು ಚೀಲ ಅಪ್ಪಿಕೊಂಡು ತೂಕಡಿಸುತ್ತಿದ್ದಾರೆ. ಸಮುದ್ರದ ಮೇಲೆ ಹೇಗೆ ತೂಕಡಿಸುತ್ತಾರೋ! ನಾನು ತೇಲುವ ಅಂಗಿಗಳನ್ನು ಎರಡು ಸಲ ಎಣಿಸಿದೆ. ಜನರಿಗಿಂತ ಹೆಚ್ಚಿವೆ.

ಅಕ್ಕ ಪಕ್ಕದ ಹೆಂಗಸಿನ ಜೊತೆ ತಮಿಳಿನಲ್ಲಿ ಹರಟುತ್ತಿದ್ದಾಳೆ. ಹಲಸೂರು ಮಾರ್ಕೆಟ್ಟಿನ ತಮಿಳು, ಅರ್ಧ ಚೌಕಾಸಿ ಅರ್ಧ ಬೈಗುಳ. ಆ ಹೆಂಗಸಿಗೆ ಅರ್ಥವಾಗುತ್ತಿದೆ. ಇಲ್ಲಿ ತಮಿಳರು ತುಂಬ.

12.40. ಗುಡ್ಡದ ಬುಡದ ಮಾರ್ಕೆಟ್ಟು.

ಟೌನ್ ಬಸ್ಸಿನಲ್ಲಿ ಬಂದೆವು. ಕಂಡಕ್ಟರಿಲ್ಲ! ಡ್ರೈವರಿನ ಪಕ್ಕ ಒಂದು ಡಬ್ಬ, ಅದಕ್ಕೆ ಹಣ ಹಾಕಬೇಕು. ಡಬ್ಬಕ್ಕೆ ಪಿಂಚಣಿ ಬೇಡ, ರಜೆ ಬೇಡ. ನನ್ನ ಭವಿಷ್ಯವನ್ನು ಕಣ್ಣಾರೆ ಕಂಡೆ. ಅಕ್ಕ ರವಿಕೆಯಿಂದ ಆಧಾರ್ ತೆಗೆದು ಡ್ರೈವರಿನ ಮೂಗಿನ ಮುಂದೆ ಹಿಡಿದಳು. ಅವನು ಅದನ್ನು ನೋಡಿದ, ಅವಳನ್ನು ನೋಡಿದ, ನನ್ನನ್ನು ನೋಡಿದ. ನಾನು ಡಬ್ಬಕ್ಕೆ ಹಣ ಹಾಕಿದೆ.

"ಎಂಗಸ್ರಿಗೂ ದುಡ್ಡಾ? ಏನ್ ಸರ್ಕಾರಾನೋ!" ಎಂದಳು ಬಸ್ಸಿಗೆಲ್ಲ ಕೇಳುವ ಹಾಗೆ.

ಮಾರ್ಕೆಟ್ಟಿನಲ್ಲಿ ಚೀನೀ ಮುದುಕಿಯೊಬ್ಬಳ ಸೊಪ್ಪಿನ ಅಂಗಡಿಯ ಮುಂದೆ ಅಕ್ಕ ಕುಕ್ಕರಗಾಲಲ್ಲಿ ಕೂತುಬಿಟ್ಟಳು. "ಕಟ್ಟು ಕಟ್ಟೋಕೇ ಬರಲ್ಲ ಕಣೋ ಇವ್ರಿಗೆ. ಬುಡ ಸಡ್ಲ ಬಿಟ್ರೆ ಬಿಸ್ಲಿಗೆ ಬಾಡಲ್ವಾ?" ಒಂದು ಕಟ್ಟು ಬಿಚ್ಚಿ ತಾನೇ ಕಟ್ಟಿ ತೋರಿಸಿದಳು. ಮುದುಕಿ ಇನ್ನೊಂದು ಕಟ್ಟು ಕೊಟ್ಟಳು. ಹತ್ತಾದರೂ ಕಟ್ಟಿರಬೇಕು. ಆಗಸ್ಟಿನ ಮೇಲೆ ಅಕ್ಕ ಹಾಗೆ ನಕ್ಕದ್ದನ್ನು ನೋಡಿರಲಿಲ್ಲ. ನಾನು ಗಡಿಯಾರ ನೋಡುತ್ತ ನಿಂತೆ. ಈಗ ಎಬ್ಬಿಸಬೇಕು, ಹೊರಡಬೇಕು.

2.05.

ಅಕ್ಕ ಹೋದಳು. ಬಸ್ಸಿನಲ್ಲಿ. ನಾನು ಇಲ್ಲೇ ಇದ್ದೇನೆ. ಇಲ್ಲೇ ಎಂದರೆ ಅದೇ ಸ್ಟಾಪಿನಲ್ಲಿ.

ಬರೆಯದಿದ್ದರೆ ಕೂಗಿಬಿಡುತ್ತೇನೆ, ಅದಕ್ಕೆ ಬರೆಯುತ್ತಿದ್ದೇನೆ. ವಾಪಸು ಹೋಗುವ ಬಸ್ಸು ಬಂತು. ಜನ ನುಗ್ಗಿದರು. ಅಕ್ಕನನ್ನು ಹತ್ತಿಸಿದೆ. ಹಿಂದೆ ಒಬ್ಬಳು ಮಗುವಿನ ತಳ್ಳುಗಾಡಿ ಹಿಡಿದು ಪರದಾಡುತ್ತಿದ್ದಳು, ಎತ್ತಿಕೊಟ್ಟೆ. ಕೋಲು ಹಿಡಿದ ಮುದುಕರೊಬ್ಬರಿಗೆ ಮೊಣಕೈ ಕೊಟ್ಟೆ. ಇನ್ನು ಯಾರಾದರೂ ಓಡಿ ಬರುತ್ತಿದ್ದಾರೆಯೇ ಎಂದು ಹಿಂದೆ ನೋಡಿದೆ. ಯಾರೂ ಇರಲಿಲ್ಲ. ಅಂಗೈ ತಾನಾಗಿ ಎದ್ದಿತು. ಬಸ್ಸಿನ ಮೈಗೆ ಎರಡು ಏಟು. ರೈಟ್ ಎಂದೆ.

ಬಾಗಿಲು ಬುಸ್ ಎಂದು ಮುಚ್ಚಿತು. ಬಸ್ಸು ಹೋಯಿತು.

ಅದನ್ನು ಕಳಿಸಿದವನು ನಾನೇ. ಓಡಿದೆ, ಕೂಗಿದೆ. ಕಿಟಕಿಯಲ್ಲಿ ಅಕ್ಕನ ಮುಖ ಕಂಡಿತು, ಏನೋ ಹೇಳುತ್ತಿದ್ದಳು, ತಿರುವಿನಲ್ಲಿ ಮರೆಯಾಯಿತು.

ಅವಳ ಪಾಸ್‌ಪೋರ್ಟು ನನ್ನ ಚೀಲದಲ್ಲಿದೆ. ಅವಳ ಕಾರ್ಡು, ಅವಳ ಫೋನು ನನ್ನ ಚೀಲದಲ್ಲಿವೆ. ಅವಳ ಕೈಯಲ್ಲಿ ಒಂದು ಕಾಸೂ ಇಲ್ಲ.

3.05. ಫೆರಿ ಕಟ್ಟೆಯ ನಿಲ್ದಾಣ.

ಮುಂದಿನ ಬಸ್ಸು ಹಿಡಿದು ಬಂದೆ. ಎಲ್ಲ ಬಸ್ಸೂ ಕೊನೆಗೆ ಇಲ್ಲಿಗೇ ಬರಬೇಕು, ಅವಳು ಇಲ್ಲೇ ಇಳಿದಿರಬೇಕು ಎಂದುಕೊಂಡಿದ್ದೆ. ಇಲ್ಲ. ಬೆಂಚುಗಳು, ನೀರಿನ ನಲ್ಲಿ, ಹೆಂಗಸರ ಶೌಚಾಲಯದ ಬಾಗಿಲು, ಫೆರಿಯ ಸಾಲು. ಎಲ್ಲೂ ಇಲ್ಲ.

3.25. ಅವಳು ಹೋದ ಬಸ್ಸಿನ ಡ್ರೈವರ್ ಸಿಕ್ಕಿದ. ಅವನಿಗೆ ತಮಿಳು ಬರುತ್ತದೆ. ಬಿಳಿ ಕೂದಲಿನ ಅಮ್ಮನಾ, ಹಸಿರು ಸೀರೆನಾ, ಮುಂಚೆ ಎಲ್ಲೋ ಇಳಿದುಬಿಟ್ಟರಲ್ಲ ಎಂದ. ಎಲ್ಲಿ? ಗೊತ್ತಿಲ್ಲ. ತಪ್ಪು ಅವನದಲ್ಲ. ನನ್ನ ಬಸ್ಸಿನಲ್ಲಿ ಯಾರು ಎಲ್ಲಿ ಇಳಿದರೆಂದು ಕೇಳಿದರೆ ನಾನು ಹೇಳಬಲ್ಲೆ, ಅವನಿಗೆ ಕಣ್ಣು ರಸ್ತೆಯ ಮೇಲೆ.

ಎಲ್ಲೋ. ಈ ಊರಿನಲ್ಲಿ ಎಲ್ಲೋ.

3.50. ಬೆಳಿಗ್ಗೆಯಿಂದ ನಕ್ಷೆ ತೋರಿಸಿ ತೋರಿಸಿ ನನ್ನ ಫೋನು ಸತ್ತಿತು. ಅಕ್ಕನದು ಊರಿಂದ ಹೊರಟಾಗಲೇ ಸತ್ತಿತ್ತು, ಚಾರ್ಜ್ ಮಾಡಿರಲಿಲ್ಲ. ಸುಕನ್ಯಳಿಗೆ ಹೇಳಬೇಕಿತ್ತು. ಫೋನು ಜೀವಂತ ಇದ್ದಾಗ ಧೈರ್ಯ ಬರಲಿಲ್ಲ. ಏನೆಂದು ಹೇಳಲಿ?

4.00. ಬಸ್ಸು ಬಂತು. ಇಲ್ಲ.

4.08. ಇಲ್ಲ.

4.15. ಹಸಿರು ಸೀರೆ. ಓಡಿದೆ. ಬೇರೆ ಯಾರೋ.

4.20. ಹಡಗು ಇಲ್ಲಿಗೇ ಕಾಣಿಸುತ್ತಿದೆ, ಕಟ್ಟಡಗಳ ಮೇಲೆ ಇನ್ನೊಂದು ಕಟ್ಟಡದ ಹಾಗೆ. ಹತ್ತು ನಿಮಿಷದ ದಾರಿ. ಅಲ್ಲಿ ಹೋಗಿ ಕೇಳೋಣವೆಂದರೆ, ಕಾರ್ಡಿಲ್ಲದೆ ಅವಳನ್ನು ಗೇಟೂ ದಾಟಿಸುವುದಿಲ್ಲ, ಕಾರ್ಡು ನನ್ನ ಹತ್ತಿರ ಇದೆ. ನಾನು ಅಲ್ಲಿರುವ ಹೊತ್ತಿಗೆ ಅವಳು ಇಲ್ಲಿ ಇಳಿದರೆ? ಇಳಿದು, ಯಾರೂ ಇಲ್ಲವೆಂದು ಇನ್ನೊಂದು ಬಸ್ಸು ಹತ್ತಿಬಿಟ್ಟರೆ? ಅವಳು ಹತ್ತಿಬಿಡುವವಳೇ.

4.35. ಇನ್ನು ಒಳಗೆ ಬಿಡುವುದಿಲ್ಲ. ಹೋಗಲಿ. ಅವಳನ್ನು ಬಿಟ್ಟು ನಾನು ಹತ್ತುವುದು ಎಂಬುದೊಂದಿಲ್ಲ.

4.50. ಇಲ್ಲ.

5.00. ಹಡಗು ಕೂಗಿತು. ಹೊಟ್ಟೆಯೊಳಗೆ ಕೇಳಿಸಿತು. ತಿರುಗಿ ನೋಡಲಿಲ್ಲ, ಬಸ್ಸೊಂದು ಬರುತ್ತಿತ್ತು.

ಅದರಲ್ಲೂ ಇಲ್ಲ.

6.10. ಅದೇ ಬೆಂಚು.

ಐದೂವರೆಯ ಹೊತ್ತಿಗೆ ಬಿಳಿ ಅಂಗಿಯ ಒಬ್ಬರು ಬೆವರು ಒರೆಸಿಕೊಳ್ಳುತ್ತ ಬಂದು, ಕೈಯಲ್ಲಿದ್ದ ಕಾಗದವನ್ನೂ ನನ್ನ ಮುಖವನ್ನೂ ನೋಡಿದರು. ಕಾಗದದಲ್ಲಿ ನನ್ನ ಫೋಟೋ.

"ಕೆಂಪರಾಜ್ ನೀಂಗದಾನೇ?"

ಹೌದು, ನಾನೇ ಎಂದೆ. ಹೆಣ ಗುರುತಿಸಲು ಕರೆಯುತ್ತಿದ್ದಾರೆ ಎಂದೇ ತಿಳಿದೆ.

"ಉಂಗ ಅಕ್ಕಾ ಕಪ್ಪಲ್ಲೆ ಇರುಕ್ಕಾಂಗ."

ಅಕ್ಕ ಹಡಗಿನಲ್ಲಿದ್ದಾಳೆ. ಮೂರು ಸಲ ಕೇಳಿದೆ. ಮೂರು ಸಲವೂ ಅದನ್ನೇ ಹೇಳಿದರು.

ಅವರ ಹೆಸರು ಹಾಶಿಮ್, ಹಡಗಿನವರ ಪರವಾಗಿ ಈ ಬಂದರಿನಲ್ಲಿ ಕೆಲಸ ನೋಡುವವರು. ಉಳಿದದ್ದನ್ನು ಅವರೇ ತಮಿಳಿನಲ್ಲಿ ಹೇಳಿದರು. ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ಹಡಗು ಕಂಡಿತಂತೆ. ಅಷ್ಟು ದೊಡ್ಡದು ಕಣ್ಣೆದುರಿಗೇ ಇರುವಾಗ ಕೊನೆ ಸ್ಟಾಪಿನವರೆಗೆ ಯಾಕೆ ಎಂದು ಅಕ್ಕ ಇಳಿದು ನಡೆದಳಂತೆ. ಗೇಟಿನಲ್ಲಿ ಆಧಾರ್ ಕಾರ್ಡು ತೋರಿಸಿದಳಂತೆ. ಅವರು ಅದರ ಹೆಸರು ನೋಡಿ, ಕಂಪ್ಯೂಟರಿನಲ್ಲಿ ಫೋಟೋ ನೋಡಿ, ಎರಡೂ ಮುಕ್ಕಾಲಿಗೇ ಒಳಗೆ ಬಿಟ್ಟರಂತೆ. ನಾಲ್ಕೂವರೆಗೆ ನಾನಿಲ್ಲವೆಂದು ಗೊತ್ತಾದಾಗ ಅಕ್ಕ ಗಲಾಟೆ ಎಬ್ಬಿಸಿದಳಂತೆ. ಏನು ಹೇಳುತ್ತಿದ್ದಾಳೆಂದು ತಿಳಿಯಲು ಅಡಿಗೆಮನೆಯಿಂದ ತಮಿಳಿನವನೊಬ್ಬನನ್ನು ಕರೆಸುವಷ್ಟರಲ್ಲಿ ಹಡಗು ಹತ್ತುವ ಏಣಿ ತೆಗೆದಾಗಿತ್ತು.

"ಏನು ಹೇಳುತ್ತಿದ್ದಳು?" ಎಂದೆ.

"ನನ್ನ ತಮ್ಮ ಬಸ್ ಸ್ಟ್ಯಾಂಡ್ ಬಿಟ್ಟು ಎಲ್ಲಿಗೂ ಹೋಗಿರಲ್ಲ, ಅವನು ಕಂಡಕ್ಟರು, ಅಲ್ಲೇ ನೋಡಿ ಅಂತ. ನಾನು ಮೊದಲು ಪೊಲೀಸ್ ಠಾಣೆಗೆ ಹೋದೆ. ನೇರವಾಗಿ ಇಲ್ಲಿಗೇ ಬರಬೇಕಿತ್ತು."

ನಾಳೆ ಬೆಳಿಗ್ಗೆ ಎಂಟಕ್ಕೆ ಹಡಗು ಕ್ಲಾಂಗ್ ತಲುಪುತ್ತದೆ. ಮಧ್ಯಾಹ್ನ ಮೂರೂವರೆಯವರೆಗೆ ಇರುತ್ತದೆ. ಸುಮಾರು ಮುನ್ನೂರೈವತ್ತು ಕಿಲೋಮೀಟರ್. ಹಾಶಿಮ್ ಕಾಗದಗಳಿಗೆ ಸಹಿ ಹಾಕಿಸಿಕೊಂಡು, ಕಾರು ಮಾಡಿಸಿಕೊಡಲೇ ಎಂದರು.

ಊರೆಂದ ಮೇಲೆ ಬಸ್ಸಿರಬೇಕಲ್ಲ ಎಂದೆ.

ಇದೆಯಂತೆ. ಫೆರಿಯಲ್ಲಿ ಆಚೆ ದಡಕ್ಕೆ ಹೋಗಬೇಕು, ಅಲ್ಲಿಂದ ದೂರದ ಬಸ್ಸು. ಒಬ್ಬನೇ. ಇಲ್ಲಿಯ ಭಾಷೆ ಬರದು, ಫೋನು ಸತ್ತಿದೆ. ಹಾಶಿಮರ ಫೋನಿನಿಂದ ಸುಕನ್ಯಳಿಗೆ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. ಅದಕ್ಕಿಂತ ಬೈದಿದ್ದರೆ ಆಗುತ್ತಿತ್ತು.

ಫೆರಿ ಬಂತು.

19 ನವೆಂಬರ್, ಬುಧವಾರ, ಕ್ಲಾಂಗ್, ಬೆಳಿಗ್ಗೆ 7.30

ಫೆರಿಯಲ್ಲಿ ನಿದ್ದೆ ಬಂದುಬಿಟ್ಟಿತು. ಪಕ್ಕದವರು ಭುಜ ತಟ್ಟಿ ಎಬ್ಬಿಸಿದರು. ರಾತ್ರಿಯ ಬಗ್ಗೆ ಬರೆಯುವಂಥದ್ದಿಲ್ಲ. ಬಸ್ಸು ಹೋಯಿತು, ನಾನೂ ಹೋದೆ.

ಇಲ್ಲಿ ಹಡಗು ನಿಲ್ಲುವುದು ಊರಿನಲ್ಲಲ್ಲ, ಸೇತುವೆ ದಾಟಿ ಇನ್ನೊಂದು ದ್ವೀಪದಲ್ಲಿ. ಅಲ್ಲಿಗೂ ಟೌನ್ ಬಸ್ಸಿದೆ. ಹಾಶಿಮ್ ಬರೆದುಕೊಟ್ಟ ಚೀಟಿಯನ್ನು ನಾಲ್ಕು ಜನರಿಗೆ ತೋರಿಸಿದೆ, ಮೂವರು ಒಂದೇ ದಿಕ್ಕಿಗೆ ಕೈ ತೋರಿಸಿದರು. ಬಹುಮತದ ಕಡೆ ನಡೆದೆ. ಬಸ್ಸು ಬಂದಾಗ ಎಲ್ಲರಿಗಿಂತ ಮೊದಲು ಹತ್ತಿ ಡ್ರೈವರಿನ ಹಿಂದಿನ ಸೀಟು ಹಿಡಿದೆ. ಈಗ ಅದರಲ್ಲೇ ಬರೆಯುತ್ತಿದ್ದೇನೆ. ಆಗಲೇ ಒಬ್ಬರು ಇದು ಬಂದರಿಗೆ ಹೋಗುತ್ತದೆಯೇ ಎಂದು ಕೈಸನ್ನೆಯಲ್ಲಿ ನನ್ನನ್ನೇ ಕೇಳಿದರು. ಹೋಗುತ್ತದೆ, ಕೂತುಕೊಳ್ಳಿ ಎಂದೆ, ಕನ್ನಡದಲ್ಲಿ. ಕೂತರು.

ಅಕ್ಕ ಅಲ್ಲಿರುತ್ತಾಳಲ್ಲವೇ? ಹಾಶಿಮ್ ನೋಡಿದ್ದು ಕಾಗದ ಮಾತ್ರ, ಅಕ್ಕನನ್ನಲ್ಲ. ಹಡಗಿನಲ್ಲಿ ಅವಳ ಜೊತೆ ಯಾರೂ ಇಲ್ಲ. ರಾತ್ರಿ ಮೆಟ್ಟಿಲಿಳಿಯುವಾಗ, ಕಂಬಿಯ ಹತ್ತಿರ ನಿಂತಾಗ ಏನಾದರೂ ಆಗಿದ್ದರೆ ನನಗೆ ಹೇಳುವವರು ಯಾರು? ಭಾವನಿಗೂ ಯಾವ ಕಾಯಿಲೆಯೂ ಇರಲಿಲ್ಲ.

ಸೇತುವೆ ಬಂತು.

ಮಧ್ಯಾಹ್ನ 12.15, ಹಡಗು

ಬಂದರಿನ ಹಜಾರದಲ್ಲಿ ಗಾಜಿನ ಗೋಡೆ. ಆಚೆ ಕಡೆ ಸಾಲಾಗಿ ಪ್ಲಾಸ್ಟಿಕ್ ಕುರ್ಚಿಗಳು. ಒಂದರಲ್ಲಿ ಅಕ್ಕ ಕೂತಿದ್ದಳು. ಪಾಸ್‌ಪೋರ್ಟಿಲ್ಲದ್ದರಿಂದ ಈಚೆ ಬರಲು ಬಿಟ್ಟಿರಲಿಲ್ಲ. ಎಂಟಕ್ಕೆ ಏಣಿ ಹಾಕಿದಾಗಿನಿಂದ ಅಲ್ಲೇ ಇದ್ದಳಂತೆ. ನಿನ್ನೆಯ ಹಸಿರು ಸೀರೆಯೇ. ಇಷ್ಟು ಚಿಕ್ಕವಳೇ ನನ್ನಕ್ಕ ಎನ್ನಿಸಿತು.

ನನ್ನ ತಪಾಸಣೆ ಮುಗಿಸಿ ಒಳಗೆ ಬಿಟ್ಟರು. ಅವಳು ಎದ್ದಳು.

"ಎಲ್ಲಾಳಾಗೋಗಿದ್ಯೋ ಮುಂಡೇದೆ! ಬಸ್ಸಿಗೆ ಬಡ್ದು ಕಳಿಸ್ತಾನಂತೆ! ನಿನ್ ಡಿಪೋ ಬಸ್ಸಾ ಅದು? ಅಲ್ಲಿದ್ದೋರೆಲ್ಲ ನಗ್ತಿದ್ರು ಕಣೋ."

"ತಪ್ಪಾಯ್ತಕ್ಕ."

"ಒಂದ್ ಅಡಗು ಬಿಟ್ಕೊಂಡು ನಿಂತಿದ್ದೀಯಲ್ಲ, ಬುದ್ಧಿ ಐತಾ ನಿಂಗೆ?"

"ನೀನಿಲ್ದೆ ಹೆಂಗ್ ಹತ್ಲಿ?"

ಚೀಲ ತೆಗೆದು ಅವಳ ಪಾಸ್‌ಪೋರ್ಟು, ಕಾರ್ಡು, ಫೋನು, ಒಂದಷ್ಟು ಹಣ, ಎಲ್ಲ ಅವಳ ಮುಂದೆ ಹಿಡಿದೆ. ಅವಳು ಅವನ್ನು ನೋಡಲೇ ಇಲ್ಲ. ಅವನ್ನು ಹಿಡಿದಿದ್ದ ನನ್ನ ಕೈಯನ್ನು ಹಿಡಿದುಕೊಂಡಳು.

"ನಿಮ್ ಭಾವ ನೀರ್ ತಗಂಬಾ ಅಂದ್ರು ಕಣ್ಲಾ ಅವತ್ತು. ಒಳಿಕ್ಕೋಗಿ ಚೊಂಬು ತಗಂಡು ಬರೋವೊತ್ಗೆ ಇರ್ಲಿಲ್ಲ. ಅಷ್ಟೇ ವೊತ್ತು. ನಿನ್ನೆ ಕಿಟಕೀಲಿ ನಿನ್ನ ನೋಡ್ತಾನೇ ಇದ್ದೆ, ಬಸ್ಸು ತಿರುಗ್ತು, ನೀನೂ ಇರ್ಲಿಲ್ಲ."

ಅವಳು ಹೆದರುತ್ತಾಳೆಂದು ನನಗೆ ಗೊತ್ತಿರಲಿಲ್ಲ. ನಲವತ್ತು ವರ್ಷದಲ್ಲಿ ಒಂದು ಸಲವೂ ಹೇಳಿದವಳಲ್ಲ. ಮಾರತ್ತಹಳ್ಳಿಗೆ ಹೋಗಿ ಬಂದದ್ದೂ, ಕಲ್ಯಾಣ ನಗರಕ್ಕೆ ಹೋಗಿ ಬಂದದ್ದೂ ಸುತ್ತಾಟ ಎಂದೇ ನಾನು ತಿಳಿದಿದ್ದೆ. ಆ ಹಿತ್ತಲು ಇರುವ ಮನೆಯಲ್ಲಿ ಒಬ್ಬಳೇ ಕೂರಬೇಕಾದವಳು ಅವಳು.

"ಈಗ್ ಇದ್ದೀನಲ್ಲಕ್ಕ," ಎಂದೆ. "ತಿಂಡಿ ತಿಂದ್ಯಾ?"

ನಿನ್ನೆ ಮಧ್ಯಾಹ್ನದಿಂದ ಏನೂ ತಿಂದಿರಲಿಲ್ಲ. ಕರೆದುಕೊಂಡು ಹೋಗಿ ಅನ್ನ ಸಾರು ಹುಡುಕಿ ತಂದೆ. ಅವಳು ಎಡಗೈಯಿಂದ ನನ್ನನ್ನು ಹಿಡಿದುಕೊಂಡೇ ಬಲಗೈಯಿಂದ ಉಂಡಳು.

ಸಂಜೆ 5.30

ಬಲಗೈ ಅಕ್ಕನ ಹತ್ತಿರ ಇದೆ. ಊಟವಾದ ಮೇಲೆ ಮಲಗಿದವಳು ನಿದ್ದೆಯಲ್ಲೂ ಬಿಟ್ಟಿಲ್ಲ. ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಒಂದನೇ ಕ್ಲಾಸಿನದು.

ಹಡಗು ಹೊರಟು ಎರಡು ಗಂಟೆಯಾಯಿತು, ಸ್ವಲ್ಪ ತೂಗುತ್ತಿದೆ. ಸುಕನ್ಯಳಿಗೆ ಫೋನು ಮಾಡಬೇಕು. ಚಾರ್ಜಿಗಿಟ್ಟ ಫೋನು ಆ ಮೇಜಿನ ಮೇಲಿದೆ, ಇಲ್ಲಿಂದ ಕೈಗೆ ಎಟುಕುವುದಿಲ್ಲ. ಬೆರಳು ಮರಗಟ್ಟಿವೆ. ಬಿಡಿಸಿಕೊಳ್ಳಬಹುದಿತ್ತು.

ಎದ್ದ ಮೇಲೆ ಅಕ್ಕನೇ ಮಾಡಲಿ.